ಆಯಿಲಿನಲ್ಲಿ ಬೆಳ್ಳಿ ಚೂರು

ನಂಬುವವರು ನಂಬಿ, ಬಿಡುವವರು ಬಿಡಿ. ಇದು ನಮ್ಮ ಚಿಕ್ಕಪ್ಪನ ಮಗಳು, ಮಾನ್ವಿಯ ಶೈಲಶ್ರೀಗೆ ಆದದ್ದು. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ... ಹೇಳುತ್ತೇನೆ.

ಹಿರೇಕೊಟ್ನೆಕಲ್‌ನಲ್ಲಿ ನೆಂಟರ ಮನೆಯ ಊಟ ಮುಗಿಸಿ ಗಂಡ ಹೆಂಡತಿ ಕಾರಿನ ಕಡೆಗೆ ನಡೆದು ಬರುತ್ತಿದ್ದರು. ಓಣಿ ಇಕ್ಕಟ್ಟು, ಕಾರು ಡಾಂಬರು ರಸ್ತೆಯಲ್ಲೇ ನಿಂತಿತ್ತು. ನಡುವೆ ಒಂದು ಹಳೆಯ ಬಾವಿ, ಕಾಲುವೆ ನೀರು ಬಸಿದು ತುಂಬಿಕೊಂಡಿದ್ದು. ಗಂಡ ಶಿವರಾಜ ಮೊಬೈಲಿನ ಬೆಳಕು ಹಿಡಿದು ಮುಂದೆ ಹೋಗುತ್ತಿದ್ದ. ತಿರುಗದೆಯೇ ಅಂದ:

"ವಿಜಿ... ಕಲ್ಲದಾವ, ನೋಡ್ಕೊಂಡ್ ಬಾ."

ಶೈಲಶ್ರೀ ಗಕ್ಕನೆ ನಿಂತಳು. ವಿಜಿ ಅಂದರೆ ವಿಜಯಶ್ರೀ. ಶಿವರಾಜನ ಮೊದಲ ಹೆಂಡತಿ, ಜ್ವರ ಬಂದು ತೀರಿಕೊಂಡವಳು.

ಮದುವೆಯ ದಿನವೇ ಅತ್ತೆ ಬಸವಂತಮ್ಮ ಶೈಲಶ್ರೀಯ ಕೊರಳಿಗೆ ಕರಿದಾರದಲ್ಲಿ ಪುಟ್ಟದೊಂದು ಬೆಳ್ಳಿ ಮುಖ ಕಟ್ಟಿದ್ದಳು. ಸತ್ತ ಸವತಿಯ ಹೆಸರಿನದು. "ಏನ ಹೊಸಾದು ಬಂದ್ರೂ ಮೊದಲು ಆಕಿಗಿ ಮುಟ್ಸು, ಆಮ್ಯಾಲ ನೀ ತಗೋ. ಆಕಿ ಕಾಡಂಗಿಲ್ಲ ಯವ್ವಾ," ಅಂದಿದ್ದಳು. ಶೈಲಶ್ರೀ ಸೀರೆ ಮುಟ್ಟಿಸಿದಳು, ಬಳೆ ಮುಟ್ಟಿಸಿದಳು. ಕಾರಿನ ಮುಂದಿನ ಸೀಟು ಮಾತ್ರ ಅವಳ ಹೊಟ್ಟೆ ಉರಿಸುತ್ತಿತ್ತು. ವಿಜಯಶ್ರೀ ಗಿಡ್ಡಿ, ಸೀಟು ಮುಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳಂತೆ. ಉದ್ದನೆಯ ಶೈಲಶ್ರೀಗೆ ಮೊಣಕಾಲು ಬಡಿಯುತ್ತಿತ್ತು. ಸರಿಸಲು ಹೋದರೆ ಶಿವರಾಜ, "ಇರ್ಲಿ, ಹಂಗ ಇರ್ಲಿ ಬಿಡು," ಅನ್ನುತ್ತಿದ್ದ. ಗಂಡನ ಪಕ್ಕದ ಜಾಗವೂ ತನ್ನದಲ್ಲ ಅಂದರೆ ಯಾರಿಗೆ ತಡೆದೀತು? ಮಣ್ಣಾದರೂ ಸವತಿ ಸವತಿಯೇ.

ಆ ರಾತ್ರಿ ಬಾವಿಯ ಬಳಿ ನಿಂತು, ಕೊರಳಿನ ಕರಿದಾರದ ಗಂಟು ಬಿಚ್ಚಲು ನೋಡಿದಳು. ಬಿಚ್ಚಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದಳು. ಬೀಸಿ ಒಗೆದಳು.

ತುಂಬಿದ ಬಾವಿ. ಗುಳುಂ ಅನ್ನಬೇಕಿತ್ತು... ಅನ್ನಲಿಲ್ಲ.

ಟಿಣ್... ಅಂತು. ಕಬ್ಬಿಣದ ಮೇಲೆ ಬಿದ್ದ ಹಾಗೆ.

"ಏನದು?" ಮುಂದಿದ್ದ ಶಿವರಾಜ ತಿರುಗಿ ಕೇಳಿದ.

"ಏನಿಲ್ಲ. ನಡೀರಿ."

ಕಾರು ಹತ್ತಿದವಳೇ ಸೀಟು ಹಿಂದಕ್ಕೆ ತಳ್ಳಿದಳು. ಕಟ್! ಅವತ್ತು ಅವಳ ಮುಖದ ಗೆಲುವು ನೋಡಬೇಕಿತ್ತು. ಆದರೆ ಮಾನ್ವಿ ಮುಟ್ಟುವಷ್ಟರಲ್ಲಿ ಆಯಿಲಿನ ಕೆಂಪು ದೀಪ ಹತ್ತಿತು. ಇಂಜಿನ್ ಒಳಗೆ ಕಟ ಕಟ... ಕಟ ಕಟ...

ಮರುದಿನ ಖಾಜಾಮಿಯಾನ ಗ್ಯಾರೇಜಿಗೆ ಎಳೆಸಿದರು. ಕಾರು ಕೆಟ್ಟೇ ಹೋಗಲಿ, ಮಾರಿಬಿಡಲಿ ಅನ್ನುವ ಆಸೆಯಿಂದ ಶೈಲಶ್ರೀಯೂ ಹೋದಳು. ಖಾಜಾಮಿಯಾ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಿದ. ಬಟ್ಟೆಯ ತುಂಬ ಮಿಣಿಮಿಣಿ ಚೂರು. ಮ್ಯಾಗ್ನೆಟ್ ಆಡಿಸಿದ. ಒಂದೂ ಅಂಟಲಿಲ್ಲ.

"ಕಬ್ಬಿಣ ಅಲ್ಲ. ಬೇರಿಂಗ್ ಆಗಿದ್ರ ತಾಮ್ರದ ಬಣ್ಣ ಇರ್ತಿತ್ತು. ಇದು ಬೆಳ್ಳಗದ... ಪಿಸ್ಟನ್ ಸವದಿರಬೇಕು ನೋಡ್ರಿ."

ಇಂಜಿನ್ ಮೇಲಿನ ಹೆಡ್ ಬಿಚ್ಚಿ ನೋಡಿದ. ಪಿಸ್ಟನ್ ಮೇಲೆ ಒಂದು ಗೀರೂ ಇರಲಿಲ್ಲ. ಖಾಜಾಮಿಯಾ ದನಿ ತಗ್ಗಿಸಿದ. "ಈ ಚೂರು ಈ ಇಂಜಿನ್‌ದಲ್ಲ ರೀ..."

ಕೊನೆಗೆ ಅಡಿಯ ಆಯಿಲ್ ಚೇಂಬರ್ ಇಳಿಸಿದ. ಕಂಪನಿಯಿಂದ ಬಂದ ಮೇಲೆ ಯಾರೂ ಕೈ ಹಚ್ಚದ ಬೋಲ್ಟುಗಳು. ತಳದ ಕರಿ ಆಯಿಲಿನಲ್ಲಿ ಬೆರಳಾಡಿಸಿ ಏನನ್ನೋ ಎತ್ತಿದ. ಬೆಳ್ಳಿ ಮುಖ. ಒಂದು ಕೆನ್ನೆ ಸವೆದಿತ್ತು. ಕರಿದಾರವೂ ಇತ್ತು, ಇಡಿಯಾಗಿ, ಗಂಟು ಹಾಕಿದ್ದು ಹಾಕಿದ ಹಾಗೇ.

ಶಿವರಾಜ ಹೆಂಡತಿಯ ಕೊರಳು ನೋಡಿದ. "ಎಲ್ಲಿ ಒಗದಿದ್ದಿ?"

"ಬಾವ್ಯಾಗ..."

ಅವನು ಬೈಯಲಿಲ್ಲ. ತನ್ನ ಕರ್ಚೀಫಿನಿಂದ ಆ ಮುಖವನ್ನು ಮೆಲ್ಲಗೆ ಒರೆಸಿದ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಶೈಲಶ್ರೀಗೆ.

ಅದೀಗ ಮತ್ತೆ ಅವಳ ಕೊರಳಲ್ಲಿದೆ. ಆಯಿಲಿನಲ್ಲಿ ಆಮೇಲೆ ಒಂದು ಚೂರೂ ಬಂದಿಲ್ಲ. ಆದರೆ ಶೈಲಶ್ರೀ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಮುಂದಿನದು ಖಾಲಿ.

ಹೋದ ವಾರ ರಾಯಚೂರಿಗೆ ಹೊರಟಾಗ ಅವಳ ಪಕ್ಕ ನಾನೇ ಇದ್ದೆ. ಕಾರು ಚಾಲೂ ಆಯಿತು. ಟಿಣ್... ಟಿಣ್... ಟಿಣ್... ಪಕ್ಕದಲ್ಲಿ ಕೂತವರು ಬೆಲ್ಟು ಹಾಕದಿದ್ದರೆ ಬಡಿದುಕೊಳ್ಳುತ್ತದಲ್ಲ, ಅದೇ ಸದ್ದು. ವೈರು ಸರಿ ಇದೆಯಂತೆ, ಖಾಜಾಮಿಯಾನೇ ನೋಡಿದ್ದಾನೆ. ಶಿವರಾಜ ವಾಲಿ, ಖಾಲಿ ಸೀಟಿನ ಬೆಲ್ಟು ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

ಶೈಲಶ್ರೀ ನನ್ನ ಕಿವಿಯಲ್ಲಿ ಅಂದಳು: "ನೋಡಿದೇನಕ್ಕಾ... ನನಗ ಒಂದಿನಾನೂ ಹಂಗ ಹಾಕಿಲ್ಲ ಇವ್ರು."

ಸುಳ್ಳು ಹೇಳಿ ನನಗೇನು ಬರಬೇಕಿದೆ? ಕಣ್ಣಾರೆ ಕಂಡದ್ದು. ಖಾಲಿ ಸೀಟಿನ ಬೆಲ್ಟು ಹಿಂದಕ್ಕೆ ಒರಗಿ ಬೀಳಬೇಕಲ್ಲ... ಯಾರನ್ನೋ ಸುತ್ತಿಕೊಂಡ ಹಾಗೆ ಉಬ್ಬಿ ನಿಂತದ್ದು, ರಾಯಚೂರು ಬರುವವರೆಗೂ ಸೀಟಿಗೆ ತಾಗಲೇ ಇಲ್ಲ.