ಬಿಡದ ರೀಲು

ಥೂ... ಅಲ್ಲಿ ಮಡಗ್ಬ್ಯಾಡ ಅಮರಣ್ಣ, ನನ್ನೆದುರ್ಗೆ. ಆ ಕಡೀಕ್ ಸರಿಸು. ಇನ್ನೂ ಆ ಕಡೀಕೆ. ಆಂ, ಅಲ್ಲಿ, ಗಾಳದ ಪೊಟ್ಟಣದ್ ಹಿಂದೆ. ಅದು ನನ್ನ ಕಣ್ಣಿಗೆ ಬೀಳಂಗಿಲ್ಲ... ಬಂದಾಗಿಂದ ಅದನ್ನೇ ಹೇಳ್ತಾ ಇವ್ನಿ, ಇನ್ನೆಷ್ಟು ಸಲ ಹೇಳ್ಲಿ? ಈ ಗಾಳದ ರೀಲು ಸರಿ ಇಲ್ಲ. ವಾಪಸ್ ಇಸ್ಕೊ. ಅಷ್ಟೇ.

ಯಾಕೆ ನಗ್ತೀಯ? ನಗು, ನಗು. ಫ್ಯಾನ್ ಕೆಳಗೆ ಕೂತ್ಕಂಡು ನಗಕ್ಕೇನು. ಒತ್ತಾರೆ ಹಳೇಕೋಟೆ ಡೈರೀಲಿ ಹಾಲು ಅಳ್ದು, ಕ್ಯಾನು ಲಾರಿಗೆ ಏರ್ಸಿ, ಒಂದ್ ಬಸ್ಸಲ್ಲಿ ಹೊಳೇನರಸೀಪುರ, ಇನ್ನೊಂದ್ ಬಸ್ಸಲ್ಲಿ ಹಾಸನ, ಬಸ್‌ಸ್ಟ್ಯಾಂಡಿಂದ ನಿನ್ ಅಂಗಡೀಗಂಟ ನಡ್ಕಂಡ್ ಬಂದು ನಿಂತಿವ್ನಿ. ಈ ಕಾಂತರಾಜು ನಗ್ಸಕ್ ಬಂದಿಲ್ಲ ಕಣಣ್ಣ.

ಏನ್ ಸರಿ ಇಲ್ಲ ಅಂತ ಹುಬ್ಬು ಎತ್ತಬ್ಯಾಡ. ಎಲ್ಲಾನೂ ಸರಿ ಇಲ್ಲ! ಹೆಸ್ರೇ ಸರಿ ಇಲ್ಲ, ನಾಲ್ಗೆ ಹೊರಳಲ್ಲ. ಜಪಾನಿಂದಂತೆ! ಡಬ್ಬದೊಳಗೆ ಡಬ್ಬ, ಅದ್ರೊಳಗೆ ವೆಲ್ವೆಟ್ ಚೀಲ, ಒಡವೆ ಮಡಗ್ದಂಗೆ. ಹನ್ನೊಂದು ಬೇರಿಂಗ್ ಅಂತೆ. ನಂಗ್ಯಾಕಣ್ಣ ಬೇಕಿತ್ತು ಹನ್ನೊಂದು ಬೇರಿಂಗು? ನಾನೇನು ಮೀನ್ ಹಿಡಿಯೋನಾ, ಮಿಲ್ ಓಡ್ಸೋನಾ? ಹದಿನಾಲ್ಕು ಸಾವ್ರ! ಬಾಯ್ಬುಟ್ಟು ಹೇಳಕ್ಕೇ ಅಸಹ್ಯ ಆಯ್ತದೆ. ಮನೇಲಿ ಹದಿನಾಲ್ಕು ನೂರು ಅಂದಿವ್ನಿ. ಅದಕ್ಕೇ ನಮ್ಮವ್ವ ಪುಟ್ಟತಾಯಮ್ಮ ಒಂದ್ವಾರ ಮುಖ ಊದಿಸ್ಕಂಡಿದ್ಲು.

ಅವನೊಬ್ಬ, ಮೊಬೈಲಲ್ಲಿ ಬತ್ತಾನಲ್ಲ, ಟೋಪಿ ಆಕ್ಕಂಡು, ಕಪ್ಪು ಕನ್ನಡಕ ಆಕ್ಕಂಡು... "ಫ್ರೆಂಡ್ಸ್, ಒಂದು ಸಲ ಒಳ್ಳೇ ಬ್ರ್ಯಾಂಡ್ ತಗೊಳ್ಳಿ, ಲೈಫ್‌ಲಾಂಗ್ ಬರುತ್ತೆ" ಅಂತ. ಲೈಫ್‌ಲಾಂಗ್! ಯಾರ ಲೈಫು? ಅವ್ನು ಹಿಡ್ದು, ಫೋಟೋ ತೆಗ್ಸಿ, ಮೀನಿಗೆ ಮುತ್ತು ಕೊಟ್ಟು ನೀರಿಗೆ ಬುಟ್ಬುಡ್ತಾನೆ. ಅವನಿಗೇನು, ಮನೆಗೋದ್ರೆ ಯಾರಾದ್ರೂ ಕೋಳಿ ಸಾರು ಮಾಡಿರ್ತಾರೆ. ಥೂ, ಅವ್ನ ಟೋಪಿಗಿಷ್ಟು.

ಮೂರು ವರ್ಷದ ಹಿಂದೆ ನೀನೇ ಕೊಟ್ಟಿದ್ಯಲ್ಲ, ಒಂಬೈನೂರು ರೂಪಾಯಿದು, ನೆಪ್ಪೈತಾ? ತಿಂಗ್ಳೊಳಗೆ ಹಿಡಿ ಅಲ್ಲಾಡ್ತು. ತಿರುಗ್ಸಿದ್ರೆ ಕರಕರ, ಕರಕರ... ಗೊರೂರು ಹಿನ್ನೀರಲ್ಲಿ ನಾನು ದಾರ ಸುತ್ತಿದ್ರೆ ಆಚೆ ದಡದೋರಿಗೆ ಕೇಳ್ಸದು. ದೊಡ್ಡ ಮೀನು ಜಗ್ಗಿದ್ರೆ ಒಳಗಿನ ಹಲ್ಲು ಜಾರಿ, ದಾರ ಕಗ್ಗಂಟಾಗಿ, ಪಟ್ ಅಂತ ಕಿತ್ತೋಗದು. ಅಯ್ಯೋ ಓಯ್ತಲ್ಲಪ್ಪ ಅನ್ಕಂಡು, ಒಂದ್ ಟೀ ಕುಡ್ದು ಮನೆಗೆ ಬತ್ತಿದ್ದೆ. ನೆಮ್ಮದಿಯಾಗಿ ನಿದ್ದೆ ಬರದು. ಆ ರೀಲಿಗೊಂದು ಮರ್ವಾದೆ ಇತ್ತು ಕಣಣ್ಣ. ಎಲ್ಲಿ ಸೋಲ್ಬೇಕು ಅಂತ ಅದಕ್ಕೆ ಗೊತ್ತಿತ್ತು.

ಯಾಕೆ ಅದನ್ನ ಎತ್ಕಂಡೆ? ಬ್ಯಾಡ. ತಿರುಗ್ಸಬ್ಯಾಡ ಅಮರಣ್ಣ... ಆಯ್ತು, ತಿರುಗ್ಸು. ಕೇಳುಸ್ತಾ? ಏನೂ ಕೇಳುಸ್ಲಿಲ್ಲ ಅಲ್ವಾ? ಅದೇ! ಅದೇ ನಂಗಾಗದು! ಒಂದ್ ಸದ್ದಿಲ್ಲ. ನಮ್ಮಂಗೆ ಒಸಿ ಏದುಸ್ರು ಬುಡ್ಬೇಕ್ ತಾನೆ ಅದು? ಅಷ್ಟ್ ದೊಡ್ಡ ಜೀವಾನ ಎಳ್ಕಂಬತ್ತಾ ಐತೆ, ಒಂದ್ ಕಿರ್ ಅನ್ನಲ್ಲ.

ಏನು? ಯಾವ್ ಜೀವ? ನಾನೆಲ್ಲಿ ಅಂದೆ ಹಂಗೆ? ...ಮಾತಿಗ್ ಅಂದೆ. ಮೀನಿಗೂ ಜೀವ ಇರ್ತದಲ್ವಾ.

ಆ ಮುಂದಿನ ತಿರುಪು ನೋಡು, ಅದು ಸರಿ ಇಲ್ಲ. ಮೀನು ಓಡಿದ್ರೆ ದಾರ ಒಸೊಸಿಯಾಗಿ ಬುಡ್ಬೇಕು, ಸುಸ್ತಾದ್ರೆ ಬಿಗಿಯಾಗಿ ಹಿಡ್ಕಬೇಕು ಅಂತ ನೀನೇ ತಾನೆ ಹೇಳ್ಕೊಟ್ಟಿದ್ದು? ಜಗ್ಗು... ಆಂ. ಬುಡ್ತು ಅಲ್ವಾ. ಈಗ ಸುತ್ತು... ಹಿಡ್ಕತು. ಗೊತ್ತು. ಗೊತ್ತು ಕಣಣ್ಣ, ಅಲ್ಲೂ ಅಂಗೇ ಹಿಡ್ಕತು, ಮುಕ್ಕಾಲ್ ಗಂಟೆ ಹಿಡ್ಕಂಡೇ ಇತ್ತು...

ಅಂಗೆ ನೋಡ್ಬ್ಯಾಡ. ಮೂಸು ಅದನ್ನ. ಮೂಸು ಅಂದೆ. ವಾಸ್ನೆ ಬರಲ್ವಾ ನಿಂಗೆ? ಸುಳ್ಳು. ಡೈರೀಲಿ ಕ್ಯಾನಿನ ಮುಚ್ಚಳ ತೆಗೀತಿದ್ದಂಗೆ ಹಾಲು ಕೆಟ್ಟೈತಾ ಇಲ್ವಾ ಅಂತ ಮೂಗಲ್ಲೇ ಹೇಳೋನು ನಾನು. ನಂಗೆ ಬತ್ತದೆ. ರೀಲಿಂದ ಬತ್ತದೆ, ನನ್ ಕೈಯಿಂದ ಬತ್ತದೆ. ಹುಣಸೆಹಣ್ ಆಕಿ ತಿಕ್ಕಿದೆ, ಸೀಗೆಪುಡಿ ಆಕಿದೆ, ಬಟ್ಟೆ ಸೋಪು ಆಕಿದೆ. ಮುದ್ದೆ ಮುರಿಯಕ್ ಓದ್ರೆ ಬೆರಳಲ್ಲಿ ಅದೇ ವಾಸ್ನೆ. ಎರಡು ದಿನ ಆಯ್ತು, ಒಂದ್ ತುತ್ತು ಒಳಗೆ ಓಗಿಲ್ಲ. ಟೀ ಬುಟ್ರೆ ಏನೂ ಇಲ್ಲ.

ದುಡ್ ವಾಪಸ್ ಕೊಡ್ಬ್ಯಾಡ ಬುಡು. ಆ ಒಂಬೈನೂರಿಂದು ಒಂದ್ ಕೊಡು, ಸಾಕು. ಅದೂ ಬ್ಯಾಡ. ಸುಮ್ಕೆ ಇದನ್ನ ಇಟ್ಕೊ. ಒಂದೇ ಒಂದ್ ಮಾತ್ ಹೇಳು ಅಮರಣ್ಣ, ಅದಕ್ಕೇ ಬಂದಿದ್ದು. "ಕಾಂತರಾಜು, ಈ ರೀಲು ಸರಿ ಇಲ್ಲ ಕಣಪ್ಪ" ಅಂತ ಅಂದ್ಬುಡು. ಇಪ್ಪತ್ತು ವರ್ಷದಿಂದ ಇದೇ ವ್ಯಾಪಾರ ಮಾಡೋನು ನೀನು, ನೀನಂದ್ರೆ ನಾನು ನಂಬ್ತೀನಿ. ಅನ್ನು... ಅನ್ನಲ್ವಾ?

ಸರಿ. ಸಿಕ್ತು. ಒಂದ್ ಮೀನ್ ಸಿಕ್ತು. ಮೊನ್ನೆ ಶನಿವಾರ. ಬಿಳಿಮೀನು, ಮಹಸೀರ್ ಅಂತಾರಲ್ಲ, ಅದು. ರಾಗಿಹಿಟ್ಟಿನ ಉಂಡೆ ಕಟ್ಟಿದ್ದೆ, ಗೊರೂರಲ್ಲಿ, ಹಿನ್ನೀರಲ್ಲಿ, ನಾವ್ ಯಾವಾಗ್ಲೂ ಕೂರ್ತೀವಲ್ಲ... ನಮ್ಮೂರ ಶಶಿಕಿರಣ್ ಇದ್ದ ಜೊತೇಲಿ, ಅವನನ್ನೇ ಕೇಳು ಬೇಕಾರೆ.

ಯಾವ್ ಫೋಟೋ? ನಮ್ ಮೀನ್ ಹಿಡಿಯೋರ ವಾಟ್ಸಾಪ್ ಗ್ರೂಪಿಗೆ ಶಶಿ ಆಕಿದ್ದಾ? ಅದನ್ನ ಹತ್ತೇ ನಿಮಿಷಕ್ಕೆ ಡಿಲೀಟ್ ಮಾಡ್ಸಿದ್ನಲ್ಲ! ನಿನ್ನತ್ರ ಎಂಗೈತೆ? ತಾನಾಗೇ ಇಳ್ಕಂತದಾ ಫೋನಿಗೆ? ಥೂ, ಇದೂ ಒಂದ್ ಯಂತ್ರ! ಯಾವ್ದೂ ಒಂದ್ಸಲ ಹಿಡ್ಕಂಡ್ರೆ ಬುಡಲ್ಲ... ಯಾಕೆ ಎರಡ್ ಬೆರಳಲ್ಲಿ ಅಗಲ ಮಾಡ್ತೀಯ? ಮೀನ್ ನೋಡು. ಹಿಂದ್ಗಡೆ ಯಾಕ್ ನೋಡ್ತೀಯ? ಅಲ್ಲೇನೈತೆ, ಕಲ್ಲು. ಮೆಟ್ಲು. ಗೊರೂರಲ್ಲಿ ಮೆಟ್ಲೇ ಇಲ್ವಾ? ...ಅದು ಗೋಪುರ ಅಲ್ಲ, ಯಾವ್ದೋ ಮರ. ಇನ್ನೂ ದೊಡ್ಡದ್ ಮಾಡ್ಬ್ಯಾಡ. ಆರ್ಸು. ಫೋನ್ ಆರ್ಸಣ್ಣ.

ರಾಮನಾಥಪುರ.

ಆಯ್ತಾ? ಸಮಾಧಾನ ಆಯ್ತಾ ಈಗ? ರಾಮನಾಥಪುರ ಕಣಣ್ಣ. ಆದ್ರೆ ದೇವಸ್ಥಾನದ ಮೆಟ್ಲತ್ರ ಅಲ್ಲ, ದೇವ್ರಾಣೆಗೂ ಅಲ್ಲ. ಕೆಳಗಡೆ. ಮೀನ್ ಹಿಡೀಬಾರ್ದು ಅನ್ನೋ ಬೋರ್ಡು ಅಲ್ಲಿಗೆ ಕಾಣಲ್ಲ. ಕಾವೇರಿ ಏನು ಪೈಪಾ? ದೇವ್ರ ಮೀನು ಇಲ್ಲೀಗಂಟ, ನಮ್ ಮೀನು ಅಲ್ಲಿಂದಾಚೆ ಅಂತ ಗೆರೆ ಎಳ್ದವ್ರಾ? ಅದಾಗಿ ಅದೇ ತೇಲ್ಕಂಡ್ ಕೆಳಗೆ ಬಂದ್ರೆ ನಾನೇನ್ ಮಾಡ್ಲಿ? ಆಕಸ್ಮಿಕ. ಆಕಸ್ಮಿಕ ಅಣ್ಣ!

ನನ್ ಮಗಳು ಧನ್ಯಾ... ಕಂಡಿದ್ದೀಯ ನೀನು, ಒಂದ್ಸಲ ಕರ್ಕಂಡ್ ಬಂದಿದ್ದೆ, ಗಾಳದ ಬೆಂಡಿನ ಬಣ್ಣ ಚೆನ್ನಾಗೈತೆ ಅಂತ ಒಂದ್ ಇಸ್ಕಂಡೋಗಿದ್ಲು. ಮೂರ್ ವರ್ಷದ ಮಗೀನಿಂದ ಪ್ರತೀ ಹುಟ್ಟಿದಬ್ಬಕ್ಕೂ ಅವಳನ್ನ ರಾಮನಾಥಪುರಕ್ಕೆ ಕರ್ಕಂಡೋಗಿ ಮೀನಿಗೆ ಕಡ್ಲೆಪುರಿ ಆಕಿಸ್ತೀವಿ. ನಮ್ಮವ್ವನ ಹರಕೆ ಅದು. ಅಲ್ಲಿ ಒಂದ್ ದೊಡ್ಡದು ಬತ್ತಿತ್ತು. ಒಂದ್ ಕಡೆ ಮೀಸೆ ಇಲ್ಲ ಅದಕ್ಕೆ. ಮೀಸೆ ತಾತ ಅಂತ ಹೆಸರಿಟ್ಟವ್ಳೆ. ಮೆಟ್ಲ ಮೇಲೆ ಬಗ್ಗಿ ಕೈ ನೀರಿಗಿಟ್ರೆ ಬಂದು ಅಂಗೈಗೆ ಮೂತಿ ಇಕ್ಕದು. ಇವಳು ಕಿಲಕಿಲ ಅನ್ನೋಳು. "ಅಪ್ಪಾ, ನಿನ್ ಗಡ್ಡದಂಗೆ ಚುಚ್ತದೆ" ಅನ್ನೋಳು... ನಾಳೆ ಒಂಬತ್ತು ತುಂಬ್ತದೆ ಅವಳಿಗೆ. ನಾಳೆ ಓಗ್ಬೇಕು ಅಲ್ಲಿಗೆ.

ಹಳೇ ರೀಲಾಗಿದ್ರೆ ಮೊದಲ್ನೇ ಜಗ್ಗಿಗೇ ಕಿತ್ಕಂಡ್ ಓಗದು. ಉಳ್ಕಳದು! ಇದು... ಅದು ಓಡ್ತು, ಇದು ದಾರ ಬುಡ್ತು. ಅದು ನಿಂತ್ಕತು, ಇದು ಸುತ್ತುಸ್ಕತು. ಮತ್ತೆ ಓಡ್ತು, ಮತ್ತೆ ಬುಡ್ತು. ನಾನು ಮಾಡಿದ್ದೇನೂ ಇಲ್ಲ, ಎರಡು ಬೆರಳಲ್ಲಿ ಹಿಡಿ ತಿರುಗ್ಸಿದ್ದು ಅಷ್ಟೇ. ಕೈ ನೋಯ್ಲಿಲ್ಲ, ತೋಳು ನೋಯ್ಲಿಲ್ಲ. ಬೆವರೂ ಬರ್ಲಿಲ್ಲ ಅಮರಣ್ಣ ನಂಗೆ. ಹದಿನಾಲ್ಕು ಸಾವ್ರ ಕೊಟ್ರೆ ಸಿಗೋದು ಅದೇ ನೋಡು. ದುಬಾರಿ ರೀಲಿಗೆ ಅಷ್ಟ್ ದುಡ್ ಕೊಡ್ಬೋದಾ ಅಂತ ಗ್ರೂಪಲ್ಲಿ ದಿನಾ ಕಿತ್ತಾಡ್ತಾರಲ್ಲ, ಕೊಡ್ಬೋದು ಅಂತ ಹೇಳು ಅವ್ರಿಗೆ. ಕೊಟ್ಟಿದ್ದಕ್ಕೆ ಒಂದ್ ಪೈಸೆ ಮೋಸ ಮಾಡ್ಲಿಲ್ಲ ಹಾಳಾದ್ದು.

ದಡಕ್ ಬಂತು. ಬಗ್ಗಿ ನೋಡ್ತೀನಿ, ಒಂದ್ ಕಡೆ ಮೀಸೆ ಇಲ್ಲ.

ಬುಡ್ಬೋದಿತ್ತು. ಬಾಯ್ ಬುಟ್ಟು ಮುಚ್ತಾ ಇತ್ತು, ಉಸ್ರಿತ್ತು. ಶಶಿ ಫೋನ್ ಹಿಡ್ಕಂಡು "ರೀಲು ಕಾಣಂಗೆ ಎತ್ಕೊಳ್ಲಾ, ಬ್ರ್ಯಾಂಡ್ ಹೆಸ್ರು ಈ ಕಡೆಗಿರ್ಲಿ" ಅಂತಿದ್ದ. ಎತ್ಕಂಡೆ. ನಕ್ಕೆ ಬೇರೆ. ಫೋಟೋದಲ್ಲಿ ನಗ್ತಿದ್ದೀನಿ ಅಲ್ವಾ? "ಇಷ್ಟು ದುಡ್ ಸುರ್ದು ಯಾರ್ಲಾ ವಾಪಸ್ ಬುಡ್ತಾರೆ" ಅಂದಿದ್ದು ಅವನೋ ನಾನೋ, ಈಗ ನೆಪ್ಪಿಲ್ಲ. ಅರಕಲಗೂಡಲ್ಲಿ ಐಸ್ ಇಸ್ಕಂಡು ಚೀಲಕ್ ತುಂಬ್ಕಂಡ್ ಬಂದೋ. ಶಶಿ ಮನೇಲಿ ಸಾರು ಮಾಡಿದ್ರು. ನಮ್ಮನೆಗೆ ಒಂದ್ ಡಬ್ಬಿ ಕಳ್ಸಿದ್ರು. ನಾನು ಬ್ಯಾಡ ಅನ್ನೋದ್ರೊಳಗೆ ಧನ್ಯಾ ತಟ್ಟೆ ಮುಂದೆ ಕೂತಿದ್ಲು. ಎರಡು ತುಂಡು ತಿಂದ್ಲು. "ಚೆನ್ನಾಗೈತಪ್ಪ, ಯಾವ್ ಮೀನು?" ಅಂದ್ಲು. ಕಾಟ್ಲಾ ಅಂದೆ. ಹಿತ್ತಲಿಗೋಗಿ ಕೈ ತಿಕ್ಕಕ್ ಸುರು ಮಾಡ್ದೆ.

ಹೊಳೆಗೆ ಎಸ್ದು ಬರಾನ ಇದನ್ನ ಅನ್ಕಂಡೆ. ಆ ಹೊಳೆ ಮುಂದೆ ಇನ್ಯಾವ್ ಮುಖ ಇಟ್ಕಂಡ್ ನಿಂತ್ಕಳ್ಳಿ? ಅದಕ್ಕೇ ನಿನ್ನತ್ರ ಬಂದಿದ್ದು. ಎಲ್ಲಾ ಹೇಳ್ಬುಟ್ಟೆ, ಇನ್ನೇನೂ ಉಳಿದಿಲ್ಲ. ಈಗ್ಲಾದ್ರೂ ಹೇಳು, ರೀಲ್ದು ತಪ್ಪು ಅಂತ. ತಿರುಪು ಬಿಗಿಯಾಗಿತ್ತು ಅನ್ನು. ಏನೋ ಒಂದು ಅನ್ನು.

ಆ ವೆಲ್ವೆಟ್ ಚೀಲ ಯಾಕೆ ತಗಂಡೆ? ರೀಲು ಒಳಗ್ ಆಕಕ್ಕಾ? ಆಕು, ಆಕು, ಕಣ್ಮರೆ ಆಗ್ಲಿ... ಒದರ್ಬ್ಯಾಡ. ಕಸ ಏನಿಲ್ಲ ಅದ್ರಲ್ಲಿ, ಒದರ್ಬ್ಯಾಡ ಅಮರಣ್ಣ...

ಏನೂ ಅಲ್ಲ ಅದು. ಪುರಿ. ನಾಕೈದು ಪುರಿ. ಬಸ್ಸಲ್ಲಿ ತಿನ್ಕಂಡು ಬಂದೆ.

...

ಎರಡ್ ದಿನದಿಂದ ಒಂದ್ ತುತ್ತೂ ತಿಂದಿಲ್ಲ ಅಂತ ಆಗ್ಲೇ ಅಂದೆ, ಅಲ್ವಾ.

ಅಂಗೆ ನೋಡ್ಬ್ಯಾಡ ಕಣಣ್ಣ. ಬೈಯಿ. ಎದ್ದು ಒಂದ್ ಏಟು ಆಕು. ಗಲ್ಲಾದ ಮೇಲೆ ಆ ನಾಕು ಪುರಿ ಜೋಡ್ಸಿಟ್ಕಂಡು ಕೂತ್ಕಬ್ಯಾಡ... ರಾಗಿ ಉಂಡೆ ಅಂದ್ನಲ್ಲ. ರಾಗಿ ಉಂಡೇನೇ. ಮೇಲೆ ಪುರಿ ಮೆತ್ತಿದ್ದೆ. ಗೊರೂರಿನ ಮೀನಿಗೆ ಯಾರೂ ಪುರಿ ಕಟ್ಟಲ್ಲ, ನಿಂಗೊತ್ತು. ಪುರಿ ತಿನ್ನದು ಆ ಮೆಟ್ಲತ್ರ ಇರೋ ಮೀನೇಯ. ನೀರಿಗೆ ಒಂದ್ ಹಿಡಿ ಚೆಲ್ಲಿದ್ದೆ ಮೊದ್ಲು, ಅವಳು ಚೆಲ್ಲಂಗೇ. ಅದು ಬಂತು. ಯಾವಾಗ್ಲೂ ಬರಂಗೇ ಬಂತು.

ಆ ಮೀಸೆ ಎಂಗ್ ಓಯ್ತು ಅನ್ಕಂಡಿದ್ದೀಯ? ಎರಡು ವರ್ಷದ ಹಿಂದೆ, ನನ್ ಗಾಳಕ್ಕೇ, ಆ ಒಂಬೈನೂರಿನ ರೀಲಲ್ಲಿ... ಅವತ್ತು ಅದು ಕಿತ್ಕಂಡೋಯ್ತು. ಆಗಿಂದ ನಂಗೆ ಅದೊಂದೇ. ಪ್ರತೀ ವರ್ಷ ಮಗಳು ಪುರಿ ಆಕೋಳು, ನಾನು ಪಕ್ಕದಲ್ಲಿ ನಿಂತು ಅದೆಷ್ಟು ಕೆಜಿ ಇದ್ದಾತು ಅಂತ ನೋಡ್ತಾ ಇರೋನು. "ದೊಡ್ಡದಕ್ಕೆ ಬೇಕು ಅಮರಣ್ಣ, ಬುಡ್ಬಾರ್ದು, ಅಂತಾದ್ ಕೊಡು" ಅಂತ ನಿನ್ನ ಕೇಳಿದ್ದು ಅದಕ್ಕೇನೇ. ನೀನು ಕೊಟ್ಟೆ. ಕೇಳಿದ್ದನ್ನೇ ಕೊಟ್ಟೆ.

ಇವತ್ತು ಒತ್ತಾರೆ ನಾನು ಚಪ್ಲಿ ಮೆಟ್ತಿದ್ರೆ ಧನ್ಯಾ ಪೊಟ್ಟಣ ಹಿಡ್ಕಂಡ್ ಬಂದ್ಲು. "ಅಪ್ಪಾ, ನಾಳೆಗೆ ಅಂತ ಇಟ್ಟಿದ್ದ ಪುರಿ ಅರ್ಧಕ್ಕರ್ಧ ಖಾಲಿ" ಅಂದ್ಲು. ಇಲಿ ತಿಂದಿರ್ಬೇಕು ಕಣವ್ವ ಅಂದೆ. ನಂಬಿದ್ಲು. "ಮೀಸೆ ತಾತನಿಗೆ ಸಾಲಲ್ಲಪ್ಪ, ಹಾಸನದಿಂದ ಬರ್ವಾಗ ಇನ್ನೊಂದ್ ಪೊಟ್ಟಣ ತಗಂಬಾ" ಅಂತ ಕೈಗೆ ಇಪ್ಪತ್ತು ರೂಪಾಯಿ ಕೊಟ್ಲು, ಅವಳದೇ ಡಬ್ಬಿಯಿಂದ.

ಪುರಿ ಎಲ್ಲಿ ಸಿಕ್ತದೆ ಅಮರಣ್ಣ ಇಲ್ಲಿ? ಹೇಳು... ತಗಂಡೋಗ್ಬೇಕು.