ನಾಕಿ ಅಜ್ಜಿ ಆರಿಸಿದ ತೆನೆಗಳು

ಅಮೆರಿಕದ ಬೆಟ್ಟಗಳ ನಡುವಿನ ಒಂದು ಕಣಿವೆಯಲ್ಲಿ ಆಬ್ನರ್ ಎಂಬ ಸಿರಿವಂತನಿದ್ದ. ಸಿರಿವಂತನಾಗಿ ಬಂದವನಲ್ಲ, ಗಮನಿಸಿ. ಹೆಂಡತಿ, ಹಸುಗೂಸು, ಒಂದು ಕೊಡಲಿ, ಒಂದು ಹಸು, ಇಷ್ಟನ್ನು ಕಟ್ಟಿಕೊಂಡು ಬಂದವನು. ಅವನು ಬರುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಅಲ್ಲಿ ಚೆರೋಕಿ ಜನ ಇದ್ದರು. ಕಾಡಿನಲ್ಲಿ ಅಲೆಯುವವರು ಅಂದುಕೊಳ್ಳಬೇಡಿ. ಊರು ಕಟ್ಟಿದ್ದರು, ಸಭೆಗೆ ದೊಡ್ಡ ಮನೆ ಕಟ್ಟಿದ್ದರು, ತಮ್ಮ ಭಾಷೆಗೆ ತಮ್ಮದೇ ಲಿಪಿ ಮಾಡಿಕೊಂಡು ಪತ್ರಿಕೆ ಅಚ್ಚು ಹಾಕುತ್ತಿದ್ದರು. ಅವರಲ್ಲಿ ಹೊಲವೂ ಮನೆಯೂ ಹೆಂಗಸಿನದು. ತಾಯಂದಿರೇ, ಕೇಳಿಸಿತೇ? ಹೆಂಗಸಿನದು.

ಆಬ್ನರನ ಪಕ್ಕದ ಹೊಲ ನಾಕಿ ಎಂಬ ಚೆರೋಕಿ ಮುದುಕಿಯದು. ಮೊದಲ ವರ್ಷ ಆಬ್ನರನ ಗೋಧಿ ಕೊಳೆತುಹೋಯಿತು. ಅವನ ಮಗು ಹಸಿದು ಅಳುವುದು ಅವಳಿಗೆ ಕೇಳಿಸಿತು. ಯಾರೂ ಕೇಳದೆಯೇ ಒಂದು ಬುಟ್ಟಿ ಮುಸುಕಿನ ಜೋಳ ತಂದು ಅವನ ಹೊಸ್ತಿಲಲ್ಲಿ ಇಟ್ಟಳು. ಚಳಿ ಕಳೆದ ಮೇಲೆ ಅವನನ್ನು ಹೊಲಕ್ಕೆ ಕರೆದು, ಗುಡ್ಡೆ ಮಣ್ಣಿನಲ್ಲಿ ಜೋಳ ಊರುವುದನ್ನು, ದಂಟಿಗೆ ಹುರುಳಿಕಾಯಿ ಬಳ್ಳಿ ಹಬ್ಬಿಸುವುದನ್ನು, ಬುಡದಲ್ಲಿ ಕುಂಬಳ ಹರಡುವುದನ್ನು ಕಲಿಸಿದಳು. ಅದೇ ಬೇಸಾಯದಿಂದ ಆಬ್ನರ್ ಕಣಿವೆಗೇ ದೊಡ್ಡ ಕುಳವಾದ.

ಆಮೇಲೆ ಸರಕಾರದ ಹುಕುಂ ಬಂತು. ಚೆರೋಕಿಗಳೆಲ್ಲ ಪಶ್ಚಿಮಕ್ಕೆ ಹೋಗಬೇಕು. ಸೈನಿಕರು ಬಂದೂಕು ಹಿಡಿದು ಬಂದರು. ಒಲೆಯ ಮೇಲಿನ ಗಂಜಿ ಇಳಿಸಲೂ ಬಿಡಲಿಲ್ಲ. ದಾರಿಯುದ್ದಕ್ಕೂ ಸಾವಿರಾರು ಜನ ಸತ್ತರು. ಆಬ್ನರ್, ನಾಕಿ ಎಂಬುವು ನಾನು ದೃಷ್ಟಾಂತಕ್ಕೆ ಹೇಳುವ ಹೆಸರುಗಳು. ಆ ಸಾವು ಮಾತ್ರ ನಿಜ.

ಆಬ್ನರ್ ಏನು ಮಾಡಿದ? ಬಾಗಿಲಲ್ಲಿ ನಿಂತು ನೋಡಿದ. ಸರಕಾರ ಆ ನೆಲವನ್ನು ಹಂಚಿದಾಗ ನಾಕಿಯ ಹೊಲ ಅವನ ಪಾಲಿಗೆ ಬಂತು, ಬೇಡ ಅನ್ನಲಿಲ್ಲ. ಅವಳು ಬಿತ್ತಿದ್ದನ್ನು ಅವನು ಕೊಯ್ದ.

"ಆ ಜೋಳ ನನ್ ಗಂಟಲಲ್ಲಿ ಇಳೀತಿಲ್ಲ," ಎಂದಳು ಹೆಂಡತಿ.

"ಕಾನೂನು ನಾನ್ ಮಾಡಿದ್ನಾ? ನಾನ್ ತಗೊಳ್ದಿದ್ರೆ ಇನ್ಯಾರೋ ತಗೋತಿದ್ರು," ಎಂದ ಆಬ್ನರ್.

ನೋಡಿ, ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆ, ಅಲ್ಲವೇ?

ನಾಕಿ ಸೈನಿಕರ ಕೈಗೆ ಸಿಕ್ಕಿರಲಿಲ್ಲ. ತನ್ನವರಲ್ಲಿ ಕೆಲವರೊಂದಿಗೆ ಬೆಟ್ಟದ ಮೇಲೆ ಅಡಗಿ, ಬೇರು ತಿಂದು ಚಳಿಗಾಲ ಕಳೆದಿದ್ದಳು. ಹಿಮ ಕರಗಿದ ಮೇಲೆ ಒಂದು ಮಧ್ಯಾಹ್ನ ಇಳಿದು ಬಂದು ಆಬ್ನರನ ಕಣಜದ ಬಾಗಿಲಲ್ಲಿ ನಿಂತಳು. ಶಾಪ ಹಾಕುತ್ತಾಳೆ, ಹೊಲ ಕೇಳುತ್ತಾಳೆ ಅಂದುಕೊಂಡ.

"ಬಿತ್ತನೆಗೆ ಜೋಳ ಬೇಕಿತ್ತು ಆಬ್ನರ್. ಮೇಲೆ ಒಂದಿಷ್ಟು ಜಾಗ ಸವರಿದೀವಿ. ನಮ್ ಹಳೇ ಬೀಜ ಕಳೆದ್ಹೋದ್ರೆ ಮತ್ತೆ ಸಿಗಲ್ಲ."

ತನ್ನದೇ ಜೋಳವನ್ನು ಕೇಳುತ್ತಿದ್ದಾಳೆ. ಅದೂ ಅವನ ಬಾಗಿಲಲ್ಲಿ ನಿಂತು.

"ಒಳಗ್ ಬಾ ಅಜ್ಜಿ. ನೀನೇ ಆರಿಸ್ಕೊ," ಎಂದ.

ನಾಕಿ ನೆಲದ ಮೇಲೆ ಕುಳಿತು ಒಂದೊಂದೇ ತೆನೆ ತಿರುಗಿಸಿ ನೋಡಿದಳು. ನೀಲಿ ಕಾಳಿನದು, ಬಿಳಿ ಕಾಳಿನದು, ಕೆಂಪು ಕಾಳಿನದು. ಒಳ್ಳೆಯ ತೆನೆಗಳನ್ನೆಲ್ಲ ಆರಿಸಿ ಎರಡು ಗುಡ್ಡೆ ಮಾಡಿದಳು. ಒಂದನ್ನು ಬುಟ್ಟಿಗೆ ತುಂಬಿಕೊಂಡು ಇನ್ನೊಂದನ್ನು ಅವನ ಕಡೆಗೆ ಸರಿಸಿದಳು.

"ಇದ್ಯಾಕಜ್ಜಿ?"

"ನಿಂಗೆ. ಹುಳ ಹಿಡಿದಿದ್ ಬಿತ್ತಿದ್ರೆ ಬರೋ ವರ್ಷ ನಿನ್ ಮಕ್ಕಳು ಏನ್ ತಿಂತಾವೆ?"

ಆಬ್ನರ್ ಅವಳ ಎದುರಿಗೆ ನೆಲದ ಮೇಲೆ ಕುಳಿತ. "ಅಜ್ಜಿ, ನಿನ್ ಹೊಲಾನ ನಾನ್ ಕಿತ್ಕೊಂಡೆ."

"ಗೊತ್ತು," ಎಂದಳು. ಹೋಗಲಿ ಬಿಡು ಅನ್ನಲಿಲ್ಲ, ನೋಡಿ. ಆಗಿದ್ದನ್ನು ಆಗಿಲ್ಲ ಅನ್ನುವವಳಲ್ಲ ಅವಳು. ಆದರೂ ಅವನ ಮಕ್ಕಳು ಉಣ್ಣಬೇಕು. ಎಂಥ ಎದೆ ಅದು!

ಆಬ್ನರ್ ಅವಳ ಬುಟ್ಟಿಯನ್ನು ತಾನೇ ಹೊತ್ತ. ಬೆಟ್ಟಕ್ಕಲ್ಲ, ಅವಳ ಹಳೆಯ ಮನೆಗೆ. ಹೊಲವನ್ನೂ ಅವಳಿಗೇ ಬಿಟ್ಟುಕೊಟ್ಟ. ಅವಳವರೆಲ್ಲ ಇಳಿದು ಬಂದರು. ಸುದ್ದಿ ತಿಳಿದ ಅಧಿಕಾರಿ ಕುದುರೆ ಏರಿ ಬಂದ.

"ಇವರನ್ನ ಯಾಕೆ ಇಟ್ಕೊಂಡಿದೀಯ?"

"ನಾನ್ ಇಟ್ಕೊಂಡಿಲ್ಲ ಸ್ವಾಮಿ. ಈ ಕಣಿವೇಲಿ ನನ್ನನ್ನ ಇಟ್ಕೊಂಡಿದ್ದು ಅವರು."

ಅವನನ್ನು ಹಿಡಿದುಕೊಂಡು ಹೋಗಿ ಕೂಡಿಹಾಕಿದರು. ಬಿಟ್ಟು ಕಳಿಸಿದ ಮೇಲೂ ಅವನದು ಅದೇ ಮಾತು. ಅವನ ಜೋಳ ಬೀಸಲು ಗಿರಣಿಯವನು ಒಪ್ಪಲಿಲ್ಲ. ಪ್ರಾರ್ಥನೆಗೆ ಹೋದರೆ ಯಾರೂ ಪಕ್ಕದಲ್ಲಿ ಕೂರಲಿಲ್ಲ. ಆಬ್ನರ್ ಜಗ್ಗಲಿಲ್ಲ. ಕೊನೆಗೆ ಅಧಿಕಾರಿಗಳೇ ಬೇಸತ್ತು ಸುಮ್ಮನಾದರು. ನಾಕಿ ತನ್ನ ಮನೆಯಲ್ಲಿಯೇ ಕಣ್ಣು ಮುಚ್ಚಿದಳು. ಹೊಲ ಅವಳ ಮಗಳದಾಯಿತು.

ಅಮೆರಿಕ ಇರಲಿ, ಬಂಧುಗಳೇ. ಈ ಕಾಡಂಚಿಗೆ ನಾವು ಎಲ್ಲಿಂದ ಬಂದವರು? ನಮಗಿಂತ ಮೊದಲು ಇಲ್ಲಿ ಯಾರಿದ್ದರು? ಜೇನುಕುರುಬರು. ಇವತ್ತು ಅವರು ಕಾಡಂಚಿನ ತಮ್ಮ ಹಾಡಿಯ ಗುಡಿಸಲುಗಳಿಂದ ನಮ್ಮ ಶುಂಠಿ ಹೊಲಕ್ಕೆ ಕೂಲಿಗೆ ಬರುತ್ತಾರೆ. ಅವರ ದೇವರ ಕಲ್ಲು ನಮ್ಮ ಬೇಲಿಯೊಳಗೆ ಇದೆ. ಪೂಜೆಗೆ ಬಂದವರನ್ನು ನಾಯಿ ಬಿಟ್ಟು ಓಡಿಸಿದವರು ಈ ಸಭೆಯಲ್ಲಿಯೇ ಇದ್ದೀರಿ. ಹೆಸರು ಹೇಳುವುದಿಲ್ಲ, ತಲೆ ಎತ್ತಿ.

ನಾಳೆ ಬೆಳಗ್ಗೆ ಆ ಬೇಲಿಯನ್ನು ನಿಮ್ಮ ಕೈಯಿಂದಲೇ ಬಿಚ್ಚಿ ದಾರಿ ಮಾಡಿ. ಕೂಲಿಯವರಿಗೆ ಹಿತ್ತಿಲಲ್ಲಿ ಊಟ ಹಾಕುವುದನ್ನು ನಿಲ್ಲಿಸಿ. ನಡುಮನೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. 'ಏ, ಹಾಡಿಯವನೇ' ಎಂದು ಕೂಗಬೇಡಿ, ಹೆಸರು ಹಿಡಿದು ಮಾತಾಡಿಸಿ. ಇಷ್ಟು ಮಾಡಿ ಬಂದು ನನ್ನ ಮುಂದೆ ದಾನ ಮಾಡಿದೆ ಎಂದು ಮಾತ್ರ ಹೇಳಬೇಡಿ. ಅವರದನ್ನು ಅವರಿಗೆ ಬಿಟ್ಟುಕೊಡುವುದಕ್ಕೆ ದಾನ ಎನ್ನುವುದಿಲ್ಲ.