ಹಾಳೆಯ ತ್ರಿಕೋನ

ಕೊಪ್ಪದ ಕಣ್ಣಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ-ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ ಐದು ವರ್ಷದ ಮಗಳು.

"ಟೀಚರ್ ಬೋರ್ಡಿನ ಮೇಲೆ ತ್ರಿಕೋನ ಬರೆದು ಕೇಳಿದ್ರೆ ಸುಮ್ಮನೆ ನಿಂತಿದ್ಲಂತೆ, ಅತ್ತೆ."

"ಮನೆಯಲ್ಲಿ ಎಲ್ಲಾ ಪಟಪಟ ಹೇಳ್ತಿದ್ಲಲ್ಲೇ?"

"ಹೇಳ್ತಿದ್ಲು. ಅಡಿಕೆ ಹಾಳೆ ಕತ್ತರಿಸಿ ಚೌಕ, ತ್ರಿಕೋನ, ವೃತ್ತ ಮಾಡಿಕೊಟ್ಟಿದ್ದೆ. ಕೈಗೆ ಕೊಟ್ಟ ಕೂಡಲೇ ಹೆಸರು ಹೇಳೋಳು."

"ಅಂಚು ಸವರಿ ಹೇಳ್ತಿದ್ಲು. ನಾ ನೋಡಿದೀನಿ."

"ನಾನೂ ನೋಡಿದ್ದೆ. ಆಟ ಅಂದ್ಕೊಂಡೆ. ಎಷ್ಟು ಚುರುಕು ಅಂತ ಮನೆಗೆ ಬಂದವರ ಮುಂದೆಲ್ಲ ಹೇಳಿಸಿದೆ."

"ಕನ್ನಡಕ ಹಾಕಿದ್ರೆ ಸರಿಹೋಗುತ್ತೆ ಮಾರಾಯ್ತಿ. ನಿನ್ನ ಮಾವನಿಗೆ ಕನ್ನಡಕ ಇಲ್ಲದಿದ್ರೆ ನಾನೂ ಒಂದೇ, ಕೊಟ್ಟಿಗೆಯ ಎಮ್ಮೆಯೂ ಒಂದೇ."

ಸೊಸೆ ನಗಲಿಲ್ಲ.

"ಕನ್ನಡಕದಲ್ಲಿ ಸರಿಹೋಗದಿದ್ರೆ?"

ಅತ್ತೆ ಮೊಮ್ಮಗಳ ಜಡೆಯ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದರು.

ಒಳಗಿನಿಂದ "ಸಿಂಚನ" ಎಂದು ಕೂಗಿದರು. ಮೂವರೂ ಎದ್ದರು. ಹೊಸಿಲಲ್ಲಿ ಹುಡುಗಿ ನಿಂತು ಬಾಗಿಲ ಚೌಕಟ್ಟನ್ನು ಕೈಗೆಟುಕಿದಷ್ಟು ಸವರಿದಳು.

"ಅಮ್ಮಾ, ಇದು ಆಯತ."

ತಾಯಿ ಈ ಸಲ ಹೊಗಳಲಿಲ್ಲ. ಆ ಪುಟ್ಟ ಕೈಯನ್ನು ಚೌಕಟ್ಟಿನಿಂದ ಮೆಲ್ಲಗೆ ಬಿಡಿಸಿ, ಒಳಗೆ ಕರೆದುಕೊಂಡು ಹೋದಳು.